ಇಳಿತದ ಲೆಕ್ಕ

ಪರಿಶೀಲಕರೇ,
ನಿಮ್ಮ ಮೂರನೆಯ ತಿರಸ್ಕಾರ ಕೈಸೇರಿತು, ಬೆಳಗಿನ ಒಂಬತ್ತಕ್ಕೆ.
ನಮ್ಮ ಲೆಕ್ಕದಲ್ಲಿ ಮೂರು ಗಂಟೆ. ಜಂಬಿಯಾನಿಯಲ್ಲಿ
ಹೊತ್ತು ಎಣಿಸುವುದು ಬೆಳಕು ಹರಿದ ಮೇಲೆ.
ನೀರು ಇಳಿಯುತ್ತಿತ್ತು. ಹೆಂಗಸರು ಕಾಂಗಾ ಎತ್ತಿ ಕಟ್ಟಿ
ಗೂಟ, ಹಗ್ಗ, ಪಾಚಿಯ ಚೀಲ ಹೊತ್ತು
ಹಿಂದೆ ಸರಿದ ಕಡಲನ್ನು ಹಿಡಿಯಹೊರಟಂತೆ ನಡೆದಿದ್ದರು.

ನೀವು ಬರೆದದ್ದು ಇಷ್ಟು:
ಹೆಸರು ಬರೆಸದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದೀರಿ, ನಿಯಮಕ್ಕೆ ವಿರುದ್ಧ.
ಸರಿಯೇ.
ನೀರು ಯಾವಾಗ ಇಳಿಯುತ್ತದೆಂದು ಹೇಳುವುದಕ್ಕೆ
ಫೋನ್ ನಂಬರು ಯಾಕೆ, ಹುಟ್ಟಿದ ತಾರೀಖು ಯಾಕೆ?
ಚಂದ್ರ ಇವತ್ತಿನವರೆಗೆ ಕೇಳಿದ್ದಿಲ್ಲ.
ಕೇಳಿದ್ದು ದುಡ್ಡು ಕೊಟ್ಟ ಸಂಸ್ಥೆ. ತಿಂಗಳ ಕೊನೆಗೆ
ಅವರಿಗೊಂದು ಹಾಳೆ ಬೇಕು:
ಎಷ್ಟು ಮಂದಿ ಇಳಿಸಿಕೊಂಡರು, ಎಷ್ಟು ಮಂದಿ ನೋಂದಾಯಿಸಿದರು,
ಏಳನೆಯ ದಿನವೂ ತೆರೆದು ನೋಡಿದವರೆಷ್ಟು.

ಅದಕ್ಕೇ ಮೂರು ಭಿತ್ತಿಪತ್ರ, ಒಂದೊಂದಕ್ಕೆ ಒಂದೊಂದು ಸಂಕೇತ,
ಯಾರು ಯಾವ ದಾರಿಯಿಂದ ಬಂದರೆಂದು ತಿಳಿಯಲಿಕ್ಕೆ.
ಮೀನು ಹರಾಜಿನ ಕಟ್ಟೆ: ಹನ್ನೊಂದು.
ಮಕಾಮೆಯ ಫೋನ್ ಅಂಗಡಿ: ನೂರ ಎಂಬತ್ತಮೂರು.
ಪಾಚಿ ತೂಗುವ ಚಪ್ಪರ: ಸೊನ್ನೆ.
ಪಾಚಿಯವರಿಗೇ ಮಾಡಿದ್ದು, ಅಲ್ಲೇ ಸೊನ್ನೆಯೇ? ಎಂದಿತು ಸಂಸ್ಥೆ.
ಹೋಗಿ ನೋಡಿದರೆ ಗೋಡೆಯಲ್ಲಿ ನಾಲ್ಕು ಮೊಳೆ, ಕೆಳಗೆ ಒಂದು ಆಡು.
ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ; ಸಂಕೇತವನ್ನೂ ಬಿಟ್ಟಿರಲಿಲ್ಲ.

ಇನ್ನು ಆ ನೂರ ಎಂಬತ್ತಮೂರು:
ಇಳಿಕೆಗೊಂದು ಸೋಡಾ ಎಂದು ನಾನೇ ಬಾಯಿ ಜಾರಿದ್ದೆ.
ಮಕಾಮೆಯ ಮಗ ಖತೀಬು, ರಿಪೇರಿಗೆ ಬಂದ ಫೋನಿಗೆಲ್ಲ
ಹಾಕಿಬಿಟ್ಟಿದ್ದ, ಒಡೆದ ಗಾಜಿನವಕ್ಕೂ.
ಅತ್ತ ಬೀ ತಾತುವಿನ ಹಳೆ ಫೋನು, ಪ್ಲಾಸ್ಟಿಕ್ ಚೀಲದೊಳಗೆ,
ಎದೆಮಟ್ಟದ ನೀರಿನಲ್ಲಿ ನಿಂತು ಅವಳು ಗಂಟೆ ಕೂಗುತ್ತಾಳೆ;
ಕೇಳಿ ಒಂಬತ್ತು ಮಂದಿ ಹಗ್ಗ ಬಿಟ್ಟು ದಡಕ್ಕೆ ತಿರುಗುತ್ತಾರೆ.
ಹಾಳೆಯಲ್ಲಿ ಅದು ಒಂದು.

ನಿಮ್ಮ ಮೊದಲ ತಿರಸ್ಕಾರ: ಖಾತೆ ತೆಗೆದುಹಾಕುವ ದಾರಿಯಿಲ್ಲ.
ಮಾಡಿಕೊಟ್ಟೆ. ಕೆಂಪು ಗುಂಡಿ, ಮೇಲೆ "ಅಳಿಸು".
ಎರಡನೆಯದು: ಪರೀಕ್ಷೆಗೊಂದು ಖಾತೆ ಕೊಡಿ, ಹೆಸರು, ಗುಪ್ತಪದ.
ಬದುಕಿರುವವರ ಹೆಸರು ಕೊಡಲು ಮನಸ್ಸಾಗಲಿಲ್ಲ.
ನನ್ನಜ್ಜಿಯದನ್ನು ಕೊಟ್ಟೆ: ಮ್ವಾನಕೊಂಬೊ.
ಹುಟ್ಟಿದ ತಾರೀಖು ಅವಳಿಗೇ ಗೊತ್ತಿರಲಿಲ್ಲ, ಜನವರಿ ಒಂದು ಎಂದು ತುಂಬಿದೆ.
ಅವಳು ಫೋನು ಹಿಡಿದವಳಲ್ಲ. ಹಿಮ್ಮಡಿ ಮರಳಿಗಿಟ್ಟು
"ಇನ್ನೊಂದು ಗಳಿಗೆ ಇದೆ" ಎನ್ನುತ್ತಿದ್ದಳು. ಇರುತ್ತಿತ್ತು.

ದಾಖಲೆಯಲ್ಲಿ ಎಲ್ಲ ಉಳಿದಿದೆ, ಪರಿಶೀಲಕರೇ.
ಅಜ್ಜಿ ಒಳಬಂದಳು, ಎರಡೂ ಹತ್ತಕ್ಕೆ.
ಹುಣ್ಣಿಮೆಯ ದಿನದ ಇಳಿತ ತೆರೆದಳು.
ನಾಲ್ಕು ನಿಮಿಷ ಏನನ್ನೂ ಮುಟ್ಟಲಿಲ್ಲ.
(ಪರೀಕ್ಷೆಗೆ ಅಷ್ಟು ಹೊತ್ತು ಬೇಕಿರಲಿಲ್ಲ.)
ಆಮೇಲೆ ಕೆಂಪು ಗುಂಡಿ. ಖಚಿತವೇ? ಖಚಿತ.
ಅಳಿಸು: ಎರಡು ಅರ್ಥದ ಮಾತು.
ಒಂದಕ್ಕೆಂದು ಇಟ್ಟಿದ್ದೆ, ಎರಡೂ ಕೆಲಸ ಮಾಡಿತು.

ಈಗ ಮೂರನೆಯ ಕಾಗದದ ಕೊನೆಗೆ ಕೇಳಿದ್ದೀರಿ,
ಕೊಟ್ಟ ಖಾತೆ ತೆರೆಯುತ್ತಿಲ್ಲ, ಮತ್ತೆ ಕಳಿಸಿ ಎಂದು.

ಕಳಿಸುವುದಿಲ್ಲ. ಬಾಗಿಲನ್ನೇ ಕಿತ್ತಿದ್ದೇನೆ.
ನಲವತ್ತೊಂದು ಹೆಸರು, ನಂಬರು, ತಾರೀಖು, ಎಲ್ಲ ತೆಗೆದೆ.
ಸಂಸ್ಥೆಯ ಹಾಳೆಯಲ್ಲಿ ಎರಡು ಕಂಬ ಖಾಲಿ; ಬೈಯಲಿ.
ನಿಮ್ಮ ಊರಲ್ಲಿ ಕಡಲಿದೆಯೋ ಇಲ್ಲವೋ ನಾನರಿಯೆ.
ಆ ನಾಲ್ಕು ನಿಮಿಷದ ಸಲುವಾಗಿ ಹೇಳುತ್ತೇನೆ, ಇಟ್ಟುಕೊಳ್ಳಿ:
ನಾಳೆ ನೀರು ಇಳಿಯುವುದು ಹತ್ತೂ ನಲವತ್ತಕ್ಕೆ,
ನಮ್ಮಲ್ಲಿ ನಾಲ್ಕೂ ನಲವತ್ತು.
ಹೆಸರು ಬೇಡ.

ಜುಹೂರಾ,
ಮಕಾಮೆಯ ಅಂಗಡಿಯ ಅಟ್ಟ